ತಿರುವಿನ ಸನ್ನೆಗೋಲು: ರೇಸಿಂಗ್ ಆಟಗಳಿಗೆ ಹ್ಯಾಂಡ್‌ಬ್ರೇಕ್ ಬಂದ ಬಗೆ

ನಿಂತ ಕಾರು ಉರುಳದಂತೆ ಕಾಯುವ ಹ್ಯಾಂಡ್‌ಬ್ರೇಕ್, ರೇಸಿಂಗ್ ವಿಡಿಯೊ ಆಟಗಳಲ್ಲಿ ಓಡುವ ಕಾರನ್ನು ತಿರುಗಿಸುವ ಸಾಧನವಾಗಿದೆ. ಆಟಗಾರ ಗುಂಡಿ ಒತ್ತಿದ ಕ್ಷಣ ಕಾರಿನ ಹಿಂದಿನ ಎರಡು ಗಾಲಿಗಳು ಬಿಗಿಯುತ್ತವೆ. ಉರುಳುವುದನ್ನು ಬಿಟ್ಟ ಗಾಲಿ ಜಾರತೊಡಗುತ್ತದೆ. ಹಿಂಭಾಗ ಹೊರಕ್ಕೆ ಸರಿದು ಕಾರಿನ ಮೂತಿ ತಿರುವಿನ ಒಳಮಗ್ಗುಲಿಗೆ ಬರುತ್ತದೆ. ಗುಂಡಿ ಬಿಟ್ಟು ವೇಗ ಕೊಟ್ಟರೆ ಕಾರು ಹೊಸ ದಿಕ್ಕಿನಲ್ಲಿ ನೇರ ಹೊರಡುತ್ತದೆ. ಈ ಚಲನೆಯನ್ನು ಆಟ ತಯಾರಿಸಿದವರು ಕಲ್ಪಿಸಿಕೊಂಡದ್ದಲ್ಲ. ಮೊದಲು ಅದು ಮಣ್ಣಿನ ಮತ್ತು ಹಿಮದ ದಾರಿಗಳ ರ‍್ಯಾಲಿ ಚಾಲಕರ ಕೈಯಲ್ಲಿ ಪಳಗಿತು, ಆಮೇಲೆ ಪರದೆಗೆ ಬಂತು. ಅದರ ಹಿಂದಿರುವ ತತ್ವವಂತೂ ಹೊಲದಲ್ಲಿ ದುಡಿಯುವವರಿಗೆ ಇನ್ನೂ ಹತ್ತಿರದ್ದು.

ಬಿಗಿದ ಗಾಲಿಯ ಗುಣ

ಬಾಗಲಕೋಟೆ ಮತ್ತು ಬೆಳಗಾವಿ ಜಿಲ್ಲೆಗಳ ಜಾತ್ರೆಗಳಲ್ಲಿ ತೆರಬಂಡಿ ಸ್ಪರ್ಧೆ ನಡೆಯುತ್ತದೆ. ಗಾಲಿ ತಿರುಗದಂತೆ ಬಿಗಿದ ಬಂಡಿಯನ್ನು ಜೋಡಿ ಎತ್ತುಗಳು ಎಳೆಯಬೇಕು. ಉರುಳುವ ಬಂಡಿಯನ್ನು ಸಲೀಸಾಗಿ ಒಯ್ಯುವ ಎತ್ತುಗಳೇ ಬಿಗಿದ ಬಂಡಿಯ ಮುಂದೆ ಮೈಯೆಲ್ಲ ಬಲ ಹಾಕುತ್ತವೆ. ಉರುಳುವ ಗಾಲಿಗೂ ಜಾರುವ ಗಾಲಿಗೂ ಇರುವ ಅಂತರ ಅಲ್ಲಿ ಕಣ್ಣಿಗೇ ಕಾಣುತ್ತದೆ.

ಉರುಳುವ ಗಾಲಿಯು ನೆಲಕ್ಕೆ ತಾಗುವ ಜಾಗದಲ್ಲಿ ಆ ಕ್ಷಣದ ಮಟ್ಟಿಗೆ ಜಾರದೆ ನಿಂತಿರುತ್ತದೆ. ಆದ್ದರಿಂದಲೇ ಅದು ಮುಂದಕ್ಕೆ ಸರಾಗವಾಗಿ ಸಾಗುತ್ತದೆ, ಪಕ್ಕಕ್ಕೆ ಮಾತ್ರ ಜರುಗುವುದಿಲ್ಲ. ಗಾಲಿಯನ್ನು ಬಿಗಿದಾಗ ಈ ಗುಣ ಹೋಗುತ್ತದೆ. ಜಾರುವ ಟೈರಿನ ಘರ್ಷಣೆ ಜಾರುವ ದಿಕ್ಕಿಗೆ ಎದುರಾಗಿ ಮಾತ್ರ ಕೆಲಸ ಮಾಡುತ್ತದೆ. ಪಕ್ಕದ ಹಿಡಿತ ಬಹುಪಾಲು ಇಲ್ಲವಾಗುತ್ತದೆ. ಬ್ರೇಕ್ ಹಾಕಿದಾಗ ವಾಹನದ ಭಾರ ಮುಂದಕ್ಕೆ ವಾಲುವುದರಿಂದ ಹಿಂದಿನ ಗಾಲಿಗಳು ಹಗುರವಾಗಿ, ಜಾರುವುದು ಇನ್ನೂ ಸುಲಭವಾಗುತ್ತದೆ. ಮುಂದಿನ ಗಾಲಿಗಳು ಉರುಳುತ್ತಲೇ ಇದ್ದು ಚುಕ್ಕಾಣಿಯ ಮಾತು ಕೇಳುತ್ತವೆ, ಹಿಂದಿನವು ಕೇಳುವುದಿಲ್ಲ. ಆಗ ಕಾರು ಮುಂಭಾಗವನ್ನು ಗೂಟ ಮಾಡಿಕೊಂಡು ಸುತ್ತುತ್ತದೆ.

ಬ್ರೇಕಿನಿಂದ ತಿರುಗುವ ವಿದ್ಯೆಯ ಇನ್ನೊಂದು ರೂಪ ಕೃಷ್ಣಾ ದಂಡೆಯ ಕಬ್ಬಿನ ಸೀಮೆಯಲ್ಲಿ ದಿನನಿತ್ಯದ ಕೆಲಸ. ಕಾಗವಾಡ ತಾಲ್ಲೂಕಿನ ಜುಗೂಳ ನದಿಯ ಅಂಚಿನ ಊರು. ಉಗಾರದಲ್ಲಿ 1939ರಲ್ಲಿ ಸಕ್ಕರೆ ಕಾರ್ಖಾನೆಯ ಕಂಪನಿ ಸ್ಥಾಪನೆಯಾದ ಈ ಭಾಗದಲ್ಲಿ, ಚಿಕ್ಕೋಡಿ, ರಾಯಬಾಗ, ಅಥಣಿಗಳವರೆಗೂ ಕಬ್ಬೇ ಮುಖ್ಯ ಬೆಳೆ, ಟ್ರ್ಯಾಕ್ಟರೇ ಮುಖ್ಯ ವಾಹನ. ಟ್ರ್ಯಾಕ್ಟರಿಗೆ ಎಡಬದಿಯ ಹಿಂದಿನ ಗಾಲಿಗೊಂದು, ಬಲಬದಿಯದಕ್ಕೊಂದು ಬೇರೆ ಬೇರೆ ಬ್ರೇಕ್ ಪೆಡಲ್ ಇರುತ್ತದೆ. ಸಾಲಿನ ತುದಿಯಲ್ಲಿ ಬದು ಅಡ್ಡ ಬಂದಾಗ ಚಾಲಕ ಚುಕ್ಕಾಣಿಯನ್ನು ಪೂರ್ತಿ ತಿರುವಿ ಒಳಮಗ್ಗುಲಿನ ಪೆಡಲನ್ನಷ್ಟೇ ತುಳಿಯುತ್ತಾನೆ. ಆ ಗಾಲಿ ನಿಂತಲ್ಲೇ ನಿಲ್ಲುತ್ತದೆ, ಹೊರಗಿನ ಗಾಲಿ ಅದರ ಸುತ್ತ ಓಡುತ್ತದೆ, ಟ್ರ್ಯಾಕ್ಟರು ಗೇಣು ಜಾಗದಲ್ಲಿ ತಿರುಗಿ ಪಕ್ಕದ ಸಾಲಿಗೆ ಬರುತ್ತದೆ. ರಸ್ತೆಗೆ ಇಳಿಯುವ ಮೊದಲು ಎರಡೂ ಪೆಡಲ್‌ಗಳನ್ನು ಕೊಂಡಿ ಹಾಕಿ ಒಂದಾಗಿಸುವುದು ಕಡ್ಡಾಯ. ಇಲ್ಲದಿದ್ದರೆ ವೇಗದಲ್ಲಿ ಒಂದೇ ಗಾಲಿ ಹಿಡಿದು ಟ್ರ್ಯಾಕ್ಟರು ಪಲ್ಟಿಯಾಗಬಹುದು. ಇಲ್ಲಿ ಬಿಗಿಯುವುದು ಒಂದು ಗಾಲಿ, ರ‍್ಯಾಲಿ ಕಾರಿನಲ್ಲಿ ಎರಡು. ಇಲ್ಲಿ ವೇಗ ಕಡಿಮೆ, ಅಲ್ಲಿ ಹೆಚ್ಚು. ಚುಕ್ಕಾಣಿಯೊಂದೇ ಸಾಲದಾದಾಗ ಹಿಂದಿನ ಗಾಲಿಯನ್ನು ತಡೆದು ತಿರುಗುವ ಉಪಾಯ ಮಾತ್ರ ಎರಡೂ ಕಡೆ ಒಂದೇ.

ಲಿವರಿನಿಂದ ರ‍್ಯಾಲಿಗೆ

ಮೊದಮೊದಲ ಕಾರುಗಳಲ್ಲಿ ಕೈಯಿಂದ ಎಳೆಯುವ ಬ್ರೇಕ್ ಬಹುಮುಖ್ಯವಾಗಿತ್ತು. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಕಾಲಿನ ಬ್ರೇಕ್ ಗೇರ್ ಪೆಟ್ಟಿಗೆಯ ಮೇಲೆ ಕೆಲಸ ಮಾಡುತ್ತಿತ್ತು. ಹಿಂದಿನ ಗಾಲಿಗಳನ್ನು ನೇರವಾಗಿ ಹಿಡಿಯುತ್ತಿದ್ದದ್ದು ಕೈ ಲಿವರು. ನಾಲ್ಕೂ ಗಾಲಿಗಳಿಗೆ ಕಾಲಿನ ಬ್ರೇಕ್ ಬಂದ ಮೇಲೆ ಕೈ ಲಿವರಿಗೆ ಎರಡು ಕೆಲಸಗಳು ಉಳಿದವು: ನಿಲ್ಲಿಸಿದ ಕಾರನ್ನು ಕಾಯುವುದು, ಮುಖ್ಯ ಬ್ರೇಕ್ ಕೈಕೊಟ್ಟರೆ ಒದಗುವುದು. ಲಿವರು ಒಂದು ತಂತಿಯನ್ನು ಎಳೆಯುತ್ತದೆ, ತಂತಿ ಹಿಂದಿನ ಗಾಲಿಗಳ ಬ್ರೇಕನ್ನು ಒತ್ತುತ್ತದೆ. ಎಣ್ಣೆಯ ಒತ್ತಡವನ್ನು ನೆಚ್ಚದ ಈ ಸರಳ ರಚನೆಯೇ ಅದರ ಬಲ.

ಹಿಂದಿನ ಗಾಲಿಗಳನ್ನಷ್ಟೇ ಬಿಗಿಯಬಲ್ಲ ಈ ಲಿವರಿನಲ್ಲಿ ರ‍್ಯಾಲಿ ಚಾಲಕರು ಮೂರನೆಯ ಉಪಯೋಗ ಕಂಡರು. ಮುಂದಿನ ಗಾಲಿಗಳಿಂದ ಎಳೆಯಲ್ಪಡುವ ಸಣ್ಣ ಕಾರುಗಳು 1960ರ ದಶಕದ ರ‍್ಯಾಲಿಗಳಲ್ಲಿ ಮೇಲುಗೈ ಪಡೆದವು. ಸ್ವೀಡನ್ನಿನ ಎರಿಕ್ ಕಾರ್ಲ್‌ಸನ್ ಸಾಬ್ ಕಾರಿನಲ್ಲಿ 1962 ಮತ್ತು 1963ರ ಮಾಂಟೆ ಕಾರ್ಲೊ ರ‍್ಯಾಲಿಗಳನ್ನು ಗೆದ್ದರು. ಮಿನಿ ಕೂಪರ್ ಎಸ್ ಕಾರು ಅದೇ ರ‍್ಯಾಲಿಯನ್ನು 1964, 1965 ಮತ್ತು 1967ರಲ್ಲಿ ಗೆದ್ದಿತು. ಇಂಥ ಕಾರುಗಳಿಗೆ ವೇಗದಲ್ಲಿ ತಿರುವಿನ ಹೊರಕ್ಕೆ ನೇರ ಹೋಗಿಬಿಡುವ ಚಾಳಿ ಇದೆ. ಬಲಗಾಲು ಆಕ್ಸಿಲರೇಟರಿನ ಮೇಲಿದ್ದಂತೆಯೇ ಎಡಗಾಲಿನಿಂದ ಬ್ರೇಕ್ ಮುಟ್ಟುವುದು ಇದಕ್ಕೆ ಒಂದು ಮದ್ದು. ಬಿಗಿ ತಿರುವುಗಳಲ್ಲಿ ಹ್ಯಾಂಡ್‌ಬ್ರೇಕ್ ಎಳೆಯುವುದು ಇನ್ನೊಂದು. ಹಿಂದಿನ ಗಾಲಿಗಳು ಜಾರಿ ಕಾರು ತಿರುಗಿದ ಮೇಲೆ ಮುಂದಿನ ಗಾಲಿಗಳು ಅದನ್ನು ತಿರುವಿನಿಂದ ಎಳೆದೊಯ್ಯುತ್ತವೆ.

ರಸ್ತೆಯ ಕಾರಿನ ಹ್ಯಾಂಡ್‌ಬ್ರೇಕ್ ಎಳೆದಲ್ಲೇ ಹಲ್ಲು ಕಚ್ಚಿ ನಿಲ್ಲುತ್ತದೆ, ಬಿಡಿಸಲು ತುದಿಯ ಗುಂಡಿ ಒತ್ತಬೇಕು. ರ‍್ಯಾಲಿಗೆ ಇದು ಒಗ್ಗದು. ಕೈಬಿಟ್ಟ ತಕ್ಷಣ ಲಿವರು ತಾನೇ ಹಿಂದಿರುಗಬೇಕು. ಆದ್ದರಿಂದ ಹಲ್ಲು ಕಚ್ಚದ ಲಿವರುಗಳು ಬಂದವು. ಬಳಿಕ ತಂತಿಯ ಬದಲು ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ, ಚುಕ್ಕಾಣಿಯ ಪಕ್ಕದಲ್ಲೇ ನೆಟ್ಟಗೆ ನಿಲ್ಲುವ ಉದ್ದನೆಯ ಲಿವರುಗಳು ಬಂದವು. 1980ರ ದಶಕದ ಆರಂಭದಲ್ಲಿ ಔಡಿ ಕ್ವಾಟ್ರೊ ನಾಲ್ಕೂ ಗಾಲಿಗಳಿಗೆ ಶಕ್ತಿ ಕೊಡುವ ಕಾರುಗಳ ಯುಗ ತೆರೆದಾಗ ಹೊಸ ತೊಡಕು ಎದುರಾಯಿತು. ಮುಂದಿನ ಮತ್ತು ಹಿಂದಿನ ಗಾಲಿಗಳು ಒಂದಕ್ಕೊಂದು ಗಟ್ಟಿಯಾಗಿ ಜೋಡಣೆಯಾಗಿದ್ದರೆ ಹಿಂದಿನವನ್ನಷ್ಟೇ ಬಿಗಿಯಲಾಗದು. ಹ್ಯಾಂಡ್‌ಬ್ರೇಕ್ ಎಳೆದ ಕ್ಷಣ ಆ ಜೋಡಣೆ ತಾನಾಗಿ ಬಿಟ್ಟುಕೊಳ್ಳುವ ವ್ಯವಸ್ಥೆಯನ್ನು ಎಂಜಿನಿಯರುಗಳು ಮುಂದೆ ರೂಪಿಸಿದರು.

ಕರ್ನಾಟಕದ ದಾರಿಗಳಿಗೂ ಈ ವಿದ್ಯೆ ಹೊಸದಲ್ಲ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುವ ಕೆ-1000 ದೇಶದ ಹಳೆಯ ರ‍್ಯಾಲಿಗಳಲ್ಲಿ ಒಂದು. 2010ರ ದಶಕದಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್‌ನ ಭಾರತದ ಸುತ್ತು ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ದಾರಿಗಳಲ್ಲಿ ನಡೆಯಿತು. ಆ ಚಾಂಪಿಯನ್‌ಶಿಪ್ ಗೆದ್ದ ಮೊದಲ ಭಾರತೀಯ ಗೌರವ್ ಗಿಲ್ 2019ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ತೋಟದ ದಾರಿ ಕಿರಿದು, ಒಂದು ಬದಿಗೆ ದರೆ, ಇನ್ನೊಂದು ಬದಿಗೆ ಇಳಿಜಾರು. ಹೇರ್‌ಪಿನ್ ತಿರುವಿನಲ್ಲಿ ಅಗಲವಾಗಿ ಸುತ್ತಿ ಬರಲು ಜಾಗವೇ ಇಲ್ಲದಾಗ ಕೈ ತಾನಾಗಿ ಲಿವರಿನತ್ತ ಹೋಗುತ್ತದೆ.

ಪರದೆಯ ಮೇಲಿನ ಮೊದಲ ಇಪ್ಪತ್ತು ವರ್ಷ

ಅಟಾರಿ ಕಂಪನಿಯ ಗ್ರ್ಯಾನ್ ಟ್ರ್ಯಾಕ್ 10 ಎಂಬ ರೇಸಿಂಗ್ ಆಟದ ಯಂತ್ರ 1974ರಲ್ಲಿ ಬಂತು. ಅದಕ್ಕೆ ಚುಕ್ಕಾಣಿ, ಗೇರ್, ಆಕ್ಸಿಲರೇಟರ್ ಮತ್ತು ಬ್ರೇಕ್ ಪೆಡಲ್ ಇದ್ದವು, ಹ್ಯಾಂಡ್‌ಬ್ರೇಕ್ ಇರಲಿಲ್ಲ. 1982ರ ಪೋಲ್ ಪೊಸಿಷನ್ ಮತ್ತು 1986ರ ಔಟ್ ರನ್ ಆಟಗಳಲ್ಲೂ ಅದು ಇಲ್ಲ. ಇದಕ್ಕೆ ಕಾರಣ ಸ್ಪಷ್ಟ. ಆ ಕಾಲದ ಆಟಗಳಲ್ಲಿ ಕಾರು ಒಂದು ಚಿತ್ರ ಮಾತ್ರ. ರಸ್ತೆ ಅದರ ಕೆಳಗೆ ಸರಿಯುತ್ತಿತ್ತು. ನಾಲ್ಕು ಗಾಲಿಗಳ ಲೆಕ್ಕವನ್ನು ಬೇರೆ ಬೇರೆ ಇಡದ ಕಡೆ ಹಿಂದಿನ ಎರಡನ್ನು ಮಾತ್ರ ಬಿಗಿಯುವ ಮಾತು ಬರುವುದಿಲ್ಲ.

ಹ್ಯಾಂಡ್‌ಬ್ರೇಕಿಗೂ ಮೊದಲು ಆಟಗಳಿಗೆ ಬಂದದ್ದು ಜಾರಿಕೆ. 1992ರ ಸೂಪರ್ ಮಾರಿಯೊ ಕಾರ್ಟ್‌ನಲ್ಲಿ ಗುಂಡಿ ಒತ್ತಿದರೆ ಬಂಡಿ ಪುಟ್ಟದಾಗಿ ನೆಗೆದು ಪಕ್ಕಕ್ಕೆ ಜಾರುತ್ತಿತ್ತು. 1993ರ ರಿಡ್ಜ್ ರೇಸರ್‌ನಲ್ಲಿ ಆಕ್ಸಿಲರೇಟರ್ ಬಿಟ್ಟು ಚುಕ್ಕಾಣಿ ತಿರುವಿದರೆ ಕಾರು ಉದ್ದಕ್ಕೂ ಜಾರಿಕೊಂಡೇ ತಿರುವು ದಾಟುತ್ತಿತ್ತು. ಜಪಾನಿನಲ್ಲಿ ಬೆಟ್ಟದ ರಸ್ತೆಗಳಲ್ಲಿ ಕಾರನ್ನು ಬೇಕೆಂದೇ ಜಾರಿಸುವ ಡ್ರಿಫ್ಟ್ ಅಭ್ಯಾಸ ಅದಾಗಲೇ ಬೆಳೆದಿತ್ತು; ರೇಸ್ ಚಾಲಕ ಕೆಯಿಚಿ ತ್ಸುಚಿಯಾ ಅದನ್ನು ಜನಪ್ರಿಯಗೊಳಿಸಿದ್ದರು. ಆಟ ತಯಾರಕರು ಆ ಸೊಗಸನ್ನು ಕಂಡಿದ್ದರು. ಅದನ್ನು ಹುಟ್ಟಿಸುವ ಲಿವರನ್ನು ಆಟಗಾರನ ಕೈಗೆ ಕೊಡುವುದು ಮಾತ್ರ ಬಾಕಿಯಿತ್ತು.

ಲಿವರು ಕೈಗೆ ಬಂದ ಕಾಲ

1990ರ ದಶಕದ ನಡುವೆ ಬಂದ ಸೆಗಾ ರ‍್ಯಾಲಿ ಚಾಂಪಿಯನ್‌ಶಿಪ್, ಡಾಂಬರಿನ ಮೇಲೆ ಮತ್ತು ಮಣ್ಣಿನ ಮೇಲೆ ಕಾರಿನ ಹಿಡಿತ ಬೇರೆ ಬೇರೆಯಾಗಿರುವುದನ್ನು ಆಟಗಾರನ ಅನುಭವಕ್ಕೆ ತಂದಿತು. 1998ರಲ್ಲಿ ಅದರ ಮುಂದಿನ ಭಾಗ ಬಂದಾಗ ಆಟದ ಯಂತ್ರಕ್ಕೆ ನಿಜವಾದ ಹ್ಯಾಂಡ್‌ಬ್ರೇಕ್ ಲಿವರನ್ನೇ ಜೋಡಿಸಲಾಯಿತು. ಅದೇ ವರ್ಷ ಕೋಡ್‌ಮಾಸ್ಟರ್ಸ್ ಕಂಪನಿ ಕಾಲಿನ್ ಮೆಕ್‌ರೇ ರ‍್ಯಾಲಿ ಆಟವನ್ನು ಹೊರತಂದಿತು. 1995ರ ವಿಶ್ವ ರ‍್ಯಾಲಿ ಚಾಂಪಿಯನ್ ಆಗಿದ್ದ ಸ್ಕಾಟ್ಲೆಂಡಿನ ಮೆಕ್‌ರೇ ಅವರ ಹೆಸರು ಹೊತ್ತ ಈ ಆಟ, ಹ್ಯಾಂಡ್‌ಬ್ರೇಕ್ ಎಂಬುದು ರ‍್ಯಾಲಿ ಚಾಲನೆಯ ಅವಿಭಾಜ್ಯ ಅಂಗವೆಂದು ಮನೆಮನೆಯ ಆಟಗಾರರಿಗೆ ಕಲಿಸಿತು. 1997ರ ಕೊನೆಯಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಗ್ರ್ಯಾನ್ ಟುರಿಸ್ಮೊ, ಗಾಲಿ, ಸ್ಪ್ರಿಂಗು, ಭಾರ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ದಾರಿ ತೆರೆದು ಹ್ಯಾಂಡ್‌ಬ್ರೇಕಿಗೂ ಒಂದು ಗುಂಡಿ ಕೊಟ್ಟಿತು.

ಹ್ಯಾಂಡ್‌ಬ್ರೇಕಿಗೆ ಪಾಠಶಾಲೆಯಾದದ್ದು 1999ರ ಡ್ರೈವರ್. ಇಂಗ್ಲೆಂಡಿನ ರಿಫ್ಲೆಕ್ಷನ್ಸ್ ಕಂಪನಿಯ ಈ ಆಟ ಶುರುವಾಗುವುದೇ ನೆಲಮಾಳಿಗೆಯ ವಾಹನ ನಿಲ್ದಾಣದಲ್ಲಿ. ಹ್ಯಾಂಡ್‌ಬ್ರೇಕ್ ತಿರುವು, ಅರ್ಧ ಸುತ್ತು, ಪೂರ್ತಿ ಸುತ್ತು, ಹಿಂದೆ ಓಡುತ್ತಲೇ ತಿರುಗುವುದು, ಕಂಬಗಳ ನಡುವೆ ಹಾವಿನಂತೆ ಸಾಗುವುದು, ಇವನ್ನೆಲ್ಲ 60 ಸೆಕೆಂಡುಗಳಲ್ಲಿ ಮಾಡಿ ತೋರಿಸಿದವರಿಗೆ ಮಾತ್ರ ಕಥೆಯ ಬಾಗಿಲು ತೆರೆಯುತ್ತಿತ್ತು. ಎಷ್ಟೋ ಆಟಗಾರರು ಆ ಮೊದಲ ನಿಮಿಷದಲ್ಲೇ ದಿನಗಟ್ಟಲೆ ಸಿಕ್ಕಿಬಿದ್ದರು. ದಾಟಿದವರಿಗೆ ಹ್ಯಾಂಡ್‌ಬ್ರೇಕ್ ಬೆರಳಿಗೆ ಅಂಟಿಕೊಂಡಿತು.

ಭಾರತದ ಆಟಗಾರರ ಪಾಲಿಗೆ ಆ ಲಿವರು ಕೀಲಿಮಣೆಯ ಉದ್ದನೆಯ ಗುಂಡಿಯಾಯಿತು. 2000ದ ದಶಕದಲ್ಲಿ ಸೈಬರ್ ಕೆಫೆಗಳಲ್ಲೂ ಮನೆಯ ಕಂಪ್ಯೂಟರುಗಳಲ್ಲೂ ಹರಡಿದ ನೀಡ್ ಫಾರ್ ಸ್ಪೀಡ್ ಸರಣಿಯ ಆಟಗಳಲ್ಲಿ, ಮುಖ್ಯವಾಗಿ 2003ರ ಅಂಡರ್‌ಗ್ರೌಂಡ್ ಮತ್ತು 2005ರ ಮೋಸ್ಟ್ ವಾಂಟೆಡ್‌ನಲ್ಲಿ, ಬಾಣದ ಗುರುತಿನ ಗುಂಡಿಗಳು ಚುಕ್ಕಾಣಿ, ಸ್ಪೇಸ್‌ಬಾರ್ ಹ್ಯಾಂಡ್‌ಬ್ರೇಕ್. ಗ್ರ್ಯಾಂಡ್ ಥೆಫ್ಟ್ ಆಟೊ ಸರಣಿಯಲ್ಲೂ ಹಾಗೆಯೇ. ಬಲಗೈ ಬಾಣಗಳ ಮೇಲೆ, ಎಡಗೈ ಹೆಬ್ಬೆರಳು ಸ್ಪೇಸ್‌ಬಾರಿನ ಮೇಲೆ ಎಂಬ ಕೈಯಿಡುವ ಬಗೆ ಒಂದು ಇಡೀ ತಲೆಮಾರಿಗೆ ರೂಢಿಯಾಯಿತು.

ಲೆಕ್ಕ ಮತ್ತು ಕೈಚಳಕ

ಹ್ಯಾಂಡ್‌ಬ್ರೇಕ್ ಒತ್ತಿದಾಗ ಆಟದ ಒಳಗೆ ನಡೆಯುವ ಕೆಲಸದಲ್ಲಿ ಎರಡು ಬಗೆ. ಸುಲಭದ ರೇಸಿಂಗ್ ಆಟಗಳು ಹಿಂದಿನ ಗಾಲಿಗಳ ಪಕ್ಕದ ಹಿಡಿತವನ್ನು ನೇರವಾಗಿ ತಗ್ಗಿಸಿಬಿಡುತ್ತವೆ. ಕಾರು ಸಲೀಸಾಗಿ ಜಾರುತ್ತದೆ, ವೇಗ ಹೆಚ್ಚು ಕಳೆಯದು, ಆಟಗಾರ ತಪ್ಪಿದರೂ ಆಟವೇ ಕಾರನ್ನು ಸರಿದಾರಿಗೆ ತರುತ್ತದೆ. ನಿಜವಾದ ಚಾಲನೆಯನ್ನು ಅನುಕರಿಸುವ ಸಿಮ್ಯುಲೇಟರುಗಳು ಹೀಗೆ ಮಾಡುವುದಿಲ್ಲ. ಪ್ರತಿ ಗಾಲಿಯ ಸುತ್ತುವ ವೇಗ, ಅದರ ಮೇಲಿನ ಭಾರ, ಟೈರು ನೋಡುವ ದಿಕ್ಕಿಗೂ ಸಾಗುವ ದಿಕ್ಕಿಗೂ ಇರುವ ಕೋನ, ಇವನ್ನೆಲ್ಲ ಸೆಕೆಂಡಿಗೆ ನೂರಾರು ಸಲ ಲೆಕ್ಕ ಹಾಕುತ್ತವೆ. ನೆದರ್ಲೆಂಡಿನ ಡೆಲ್ಫ್ಟ್ ವಿಶ್ವವಿದ್ಯಾಲಯದ ಹಾನ್ಸ್ ಪಸೆಯ್ಕಾ ಮತ್ತು ಸಂಗಡಿಗರು 1980ರ ದಶಕದಲ್ಲಿ ವಾಹನ ಎಂಜಿನಿಯರಿಂಗಿಗಾಗಿ ರೂಪಿಸಿದ ಟೈರಿನ ಸೂತ್ರ ಇಂಥ ಲೆಕ್ಕಗಳಿಗೆ ಬಹುಕಾಲ ತಳಹದಿಯಾಗಿದೆ. 2004ರ ರಿಚರ್ಡ್ ಬರ್ನ್ಸ್ ರ‍್ಯಾಲಿ ಮತ್ತು 2015ರ ಡರ್ಟ್ ರ‍್ಯಾಲಿ ಈ ಎರಡನೆಯ ಬಗೆಗೆ ಸೇರಿದ ಹೆಸರಾಂತ ಆಟಗಳು. ಅವುಗಳಲ್ಲಿ ಹ್ಯಾಂಡ್‌ಬ್ರೇಕ್ ಅರೆಕ್ಷಣ ಹೆಚ್ಚು ಹಿಡಿದರೂ ಕಾರು ಹಿಂದುಮುಂದಾಗಿ ಗಿಡಕ್ಕೆ ಗುದ್ದುತ್ತದೆ.

ಇಂಥ ಆಟಗಳಲ್ಲಿ ಬಳಕೆಯ ಕ್ರಮ ನಿಜವಾದ ರ‍್ಯಾಲಿಯದೇ. ತಿರುವಿಗೆ ಮುನ್ನ ಕಾಲಿನ ಬ್ರೇಕಿನಿಂದಲೇ ವೇಗ ಇಳಿಸಬೇಕು. ಆ ಕೆಲಸಕ್ಕೆ ಹ್ಯಾಂಡ್‌ಬ್ರೇಕ್ ಸಲ್ಲದು. ಮೊದಲು ಚುಕ್ಕಾಣಿ ತಿರುವಿ ಕಾರಿಗೆ ದಿಕ್ಕು ತೋರಿಸಬೇಕು. ಹಿಂದಿನ ಗಾಲಿಗಳಿಗೆ ಎಂಜಿನ್ನಿನ ಶಕ್ತಿ ಹೋಗುವ ಕಾರಾದರೆ ಕ್ಲಚ್ ತುಳಿಯಬೇಕು. ಇಲ್ಲವಾದರೆ ಗಾಲಿಯೊಂದಿಗೆ ಎಂಜಿನ್ನೂ ನಿಂತುಹೋಗುತ್ತದೆ. ಆಮೇಲೆ ಲಿವರನ್ನು ಒಮ್ಮೆ ಗಟ್ಟಿಯಾಗಿ ಎಳೆದು, ಹಿಂಭಾಗ ಕಿತ್ತುಕೊಂಡ ಕೂಡಲೇ ಬಿಡಬೇಕು. ಕಾರು ಬೇಕಾದ ದಿಕ್ಕಿಗೆ ಮುಖ ಮಾಡುವ ಮೊದಲೇ ಚುಕ್ಕಾಣಿಯನ್ನು ಎದುರು ದಿಕ್ಕಿಗೆ ತಂದು ವೇಗ ಕೊಡಬೇಕು. ಹೊಸಬರು ಎಳೆಯುವುದನ್ನು ಒಂದೇ ದಿನದಲ್ಲಿ ಕಲಿಯುತ್ತಾರೆ. ಬಿಡುವ ಹೊತ್ತನ್ನು ಕಲಿಯಲು ತಿಂಗಳುಗಳು ಬೇಕು. ಹಾಗೆಂದು ಎಲ್ಲ ತಿರುವಿಗೂ ಇದು ಮದ್ದಲ್ಲ. ಜಾರುವ ಕಾರು ವೇಗ ಕಳೆದುಕೊಳ್ಳುತ್ತದೆ. ಅಗಲವಾದ, ವೇಗದ ತಿರುವುಗಳಲ್ಲಿ ಉರುಳುವ ಗಾಲಿಯೇ ಗೆಲ್ಲುತ್ತದೆ. ಹ್ಯಾಂಡ್‌ಬ್ರೇಕ್ ಸಲ್ಲುವುದು ಹೇರ್‌ಪಿನ್‌ನಂಥ ಇಕ್ಕಟ್ಟಿನಲ್ಲಿ.

ಸ್ಪೇಸ್‌ಬಾರಿಗೆ ಇರುವುದು ಎರಡೇ ಸ್ಥಿತಿ, ಒತ್ತಿದ್ದು ಮತ್ತು ಬಿಟ್ಟದ್ದು. ನಿಜವಾದ ಲಿವರಿಗೆ ಅವೆರಡರ ನಡುವೆ ಹಲವು ಮಟ್ಟಗಳುಂಟು. ಅರ್ಧ ಎಳೆದರೆ ಗಾಲಿ ಪೂರ್ತಿ ನಿಲ್ಲದೆ ನಿಧಾನವಾಗುತ್ತದೆ. ಕೀಲಿಮಣೆಯ ಆಟಗಾರರು ಈ ಕೊರತೆಯನ್ನು ಟಕಟಕ ತಟ್ಟುವ ಮೂಲಕ ತುಂಬಿಕೊಂಡರು. ಮುಂದೆ ಕಂಪ್ಯೂಟರಿಗೆ ಜೋಡಿಸುವ ಪ್ರತ್ಯೇಕ ಹ್ಯಾಂಡ್‌ಬ್ರೇಕ್ ಲಿವರುಗಳು ಮಾರುಕಟ್ಟೆಗೆ ಬಂದವು. ಲಿವರು ಎಷ್ಟು ದೂರ ಬಂತು ಎಂಬುದನ್ನೋ, ಎಷ್ಟು ಬಲದಿಂದ ಎಳೆಯಲಾಯಿತು ಎಂಬುದನ್ನೋ ಅವು ಅಳೆದು ಆಟಕ್ಕೆ ತಿಳಿಸುತ್ತವೆ. ಬಲವನ್ನು ಅಳೆಯುವ ಬಗೆ ಎಣ್ಣೆಯ ಒತ್ತಡದ ರ‍್ಯಾಲಿ ಲಿವರಿಗೆ ಹೆಚ್ಚು ಹತ್ತಿರ. ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್‌ನ ಅಧಿಕೃತ ಇ-ಸ್ಪೋರ್ಟ್ಸ್ ಸ್ಪರ್ಧೆ 2016ರಲ್ಲಿ ಶುರುವಾಯಿತು. 2018ರಲ್ಲಿ ಅದನ್ನು ಗೆದ್ದ ಜಾನ್ ಆರ್ಮ್‌ಸ್ಟ್ರಾಂಗ್ ನಿಜವಾದ ದಾರಿಗಳಲ್ಲೂ ರ‍್ಯಾಲಿ ಓಡಿಸುವ ಚಾಲಕ. ದಾರಿಯಿಂದ ಪರದೆಗೆ ಹೋದ ವಿದ್ಯೆ ಪರದೆಯಲ್ಲೂ ನಿಜವಾಗಿ ಉಳಿದಿದೆ ಎಂಬುದಕ್ಕೆ ಇದೊಂದು ಸಾಕ್ಷಿ.

ಬೆಂಗಳೂರಿನ ಪಾಲು

ಈ ಇತಿಹಾಸದಲ್ಲಿ ಕನ್ನಡನಾಡಿನ ರಾಜಧಾನಿಗೂ ಜಾಗವಿದೆ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಧ್ರುವ ಇಂಟರ್‌ಆ್ಯಕ್ಟಿವ್ ಭಾರತದ ಮೊದಮೊದಲ ವಿಡಿಯೊ ಆಟದ ಕಂಪನಿಗಳಲ್ಲಿ ಒಂದು. ವಿದೇಶಿ ಕಂಪನಿಗಳ ಆಟಗಳಿಗೆ ಚಿತ್ರಣದ ಕೆಲಸ ಮಾಡಿಕೊಡುವುದು ಅದರ ಮುಖ್ಯ ಕಸುಬಾಯಿತು. ಜಗತ್ತಿನ ದೊಡ್ಡ ರೇಸಿಂಗ್ ಆಟಗಳ ಸಾಲಿನಲ್ಲಿರುವ ಫೋರ್ಜಾ ಸರಣಿಯ ಚಿತ್ರಣದಲ್ಲೂ ಅದು ಕೆಲಸ ಮಾಡಿತು. 2019ರಲ್ಲಿ ಧ್ರುವವನ್ನು ಕೊಂಡದ್ದು ಗ್ರ್ಯಾಂಡ್ ಥೆಫ್ಟ್ ಆಟೊ ಆಟಗಳನ್ನು ಹೊರತರುವ ರಾಕ್‌ಸ್ಟಾರ್ ಗೇಮ್ಸ್. ಬೆಂಗಳೂರಿನಲ್ಲಿ ಆಗಲೇ ಇದ್ದ ತನ್ನ ಶಾಖೆಯೊಂದಿಗೆ ಅದನ್ನು ಸೇರಿಸಿಕೊಂಡಿತು. ಸ್ಪೇಸ್‌ಬಾರ್ ಒತ್ತಿ ಕಾರು ತಿರುಗಿಸುವ ಊರೂರಿನ ಹುಡುಗರ ಆಟದ ಒಂದು ಪಾಲು ಹೀಗೆ ಬೆಂಗಳೂರಿನ ಮೇಜುಗಳ ಮೇಲೆ ತಯಾರಾಗಿದೆ.

ಒಂದೇ ಗುಂಡಿ, ಎರಡು ಅರ್ಥ

2016ರ ನಂತರ ಅಗ್ಗದ ಇಂಟರ್ನೆಟ್ ಹಳ್ಳಿಗಳನ್ನು ಮುಟ್ಟಿದಾಗ ರೇಸಿಂಗ್ ಆಟ ಅಲ್ಲಿನ ಮೊಬೈಲುಗಳಿಗೂ ಬಂತು. ಗಾಜಿನ ಮೇಲೆ ಎಳೆಯಲು ಲಿವರಿಲ್ಲ. ಆಸ್ಫಾಲ್ಟ್‌ನಂಥ ಆಟಗಳು ಬ್ರೇಕ್ ಮತ್ತು ಹ್ಯಾಂಡ್‌ಬ್ರೇಕ್‌ಗಳನ್ನು ಒಂದೇ ಡ್ರಿಫ್ಟ್ ಗುಂಡಿಯಾಗಿ ಬೆರೆಸಿದವು. ಇದರ ಜೊತೆಗೆ ಇನ್ನೊಂದು ಜಾತಿಯ ಆಟಗಳೂ ಬೆಳೆದವು. 2012ರ ಯೂರೊ ಟ್ರಕ್ ಸಿಮ್ಯುಲೇಟರ್ 2 ಮತ್ತು 2017ರ ಬಸ್ ಸಿಮ್ಯುಲೇಟರ್ ಇಂಡೊನೇಷ್ಯಾ ಗೆಲುವಿನ ಓಟದ ಆಟಗಳಲ್ಲ, ಕಸುಬಿನ ಆಟಗಳು. ಕನ್ನಡದ ಹುಡುಗರು ಎರಡನೆಯದರ ಬಸ್ಸುಗಳಿಗೆ ಕೆಎಸ್‌ಆರ್‌ಟಿಸಿ ಬಣ್ಣ ಬಳಿದು ಓಡಿಸುತ್ತಾರೆ. ಯೂರೊ ಟ್ರಕ್‌ನಲ್ಲಿ ಸ್ಪೇಸ್‌ಬಾರ್ ಒತ್ತಿದರೆ ಬೀಳುವುದು ಪಾರ್ಕಿಂಗ್ ಬ್ರೇಕ್; ಸರಕು ಇಳಿಸುವಾಗ ಅದನ್ನು ಹಾಕಬೇಕು, ಹೊರಡುವಾಗ ಬಿಡಿಸಬೇಕು. ನೀಡ್ ಫಾರ್ ಸ್ಪೀಡ್‌ನಲ್ಲಿ ಕಾರನ್ನು ತಿರುಗಿಸಿದ ಗುಂಡಿಯೇ ಇಲ್ಲಿ ಲಾರಿಯನ್ನು ನಿಲ್ಲಿಸಿ ಕಾಯುತ್ತದೆ. ನೂರು ವರ್ಷಗಳ ಹಿಂದೆ ಆ ಲಿವರು ಮಾಡುತ್ತಿದ್ದ ಕೆಲಸವೂ ಇದೇ.

ಈ ನಡುವೆ ನಿಜವಾದ ಕಾರುಗಳಿಂದ ಲಿವರು ಮರೆಯಾಗುತ್ತಿದೆ. ಈ ಶತಮಾನದ ಆರಂಭದಿಂದ ವಿದ್ಯುತ್ತಿನಿಂದ ಕೆಲಸ ಮಾಡುವ ಪಾರ್ಕಿಂಗ್ ಬ್ರೇಕ್ ಹರಡುತ್ತ ಬಂದಿದೆ. ಬೆರಳ ತುದಿಯ ಒಂದು ಸ್ವಿಚ್ಚು ಒತ್ತಿದರೆ ಸಾಕು. ಅದನ್ನು ಅರ್ಧ ಎಳೆಯಲಾಗದು, ಟಕ್ಕನೆ ಬಿಡಲೂ ಆಗದು. ಕೈಯಿಂದ ಎಳೆಯುವ ಲಿವರು ಇನ್ನು ಹೆಚ್ಚು ಕಾಲ ಉಳಿಯುವುದು ರ‍್ಯಾಲಿ ಕಾರುಗಳಲ್ಲಿ, ಡ್ರಿಫ್ಟ್ ಕಾರುಗಳಲ್ಲಿ ಮತ್ತು ಆಟಗಳಲ್ಲಿ.

ಆಟದ ಹ್ಯಾಂಡ್‌ಬ್ರೇಕನ್ನು ರಸ್ತೆಗೆ ಒಯ್ಯುವುದು ಮಾತ್ರ ಸಲ್ಲದು. ರ‍್ಯಾಲಿಯ ದಾರಿ ಬೇರೆಯವರಿಗೆ ಮುಚ್ಚಿರುತ್ತದೆ. ಚಾಲಕನ ತಲೆಗೆ ಹೆಲ್ಮೆಟ್, ಸುತ್ತ ಉಕ್ಕಿನ ಪಂಜರ ಇರುತ್ತದೆ. ಕಾಗವಾಡದಿಂದ ಚಿಕ್ಕೋಡಿಯವರೆಗಿನ ದಾರಿಯಲ್ಲಿ ಎದುರಿಗೆ ಬರುವುದು ಎರಡು ಟ್ರೇಲರ್ ಕಬ್ಬು ಹೇರಿದ ಟ್ರ್ಯಾಕ್ಟರು, ಶಾಲೆಗೆ ಹೊರಟ ಸೈಕಲ್ಲು. ಹೊಲದಲ್ಲಿ ಒಂದೇ ಬ್ರೇಕ್ ತುಳಿದು ತಿರುಗುವ ಚಾಲಕ ರಸ್ತೆಗೆ ಬರುವ ಮೊದಲು ಎರಡೂ ಪೆಡಲ್‌ಗಳಿಗೆ ಕೊಂಡಿ ಹಾಕುತ್ತಾನೆ. ಪರದೆಯ ಮುಂದಿನಿಂದ ಎದ್ದು ಕಾರಿನ ಕೀಲಿ ಹಿಡಿಯುವ ಪ್ರತಿಯೊಬ್ಬ ಆಟಗಾರನೂ ಅದೇ ಕೊಂಡಿಯನ್ನು ತನ್ನ ಕೈಗೆ ಹಾಕಿಕೊಳ್ಳಬೇಕು.